ಅಂಟು, ನಂಟು, ಗಂಟು

ಲ್ಯಾಬಿನ ಇನ್‌ಕ್ಯುಬೇಟರಿನಲ್ಲಿ ನನ್ನ ಹೆಸರು ಬರೆದ ಎರಡು ಫ್ಲಾಸ್ಕ್‌ಗಳು ಸದಾ ಅಕ್ಕಪಕ್ಕ ಇರುತ್ತಿದ್ದವು. ಎರಡರಲ್ಲೂ ಸ್ತನ ಕ್ಯಾನ್ಸರಿನ ಕೋಶಗಳೇ. ಒಂದರಲ್ಲಿ ಎಂಸಿಎಫ್-7, ಇನ್ನೊಂದರಲ್ಲಿ ಎಂಡಿಎ-ಎಂಬಿ-231. ಬರಿಗಣ್ಣಿಗೆ ಏನೂ ವ್ಯತ್ಯಾಸ ಇಲ್ಲ, ಎರಡರಲ್ಲೂ ಅದೇ ಗುಲಾಬಿ ಬಣ್ಣದ ಮೀಡಿಯಂ, ಅಂದರೆ ಕೋಶಗಳನ್ನು ಬೆಳೆಸುವ ದ್ರವ. ಆದರೆ ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಇವು ಒಂದೇ ರೋಗದ ಕೋಶಗಳು ಅಂತ ಯಾರೂ ನಂಬುವುದಿಲ್ಲ. ಎಂಸಿಎಫ್-7 ಪುಟ್ಟ ಪುಟ್ಟ ದ್ವೀಪಗಳ ಹಾಗೆ ಬೆಳೆಯುತ್ತದೆ. ಒಂದಕ್ಕೊಂದು ಒತ್ತಿಕೊಂಡು, ಮಧ್ಯೆ ಸೂಜಿ ಹೋಗುವಷ್ಟೂ ಜಾಗ ಬಿಡದೆ. 231 ಹಾಗಲ್ಲ. ಒಂದೊಂದೂ ಎರಡು ತುದಿ ಚೂಪಾಗಿ, ಉದ್ದಕ್ಕೆ ಎಳೆದ ಹಾಗೆ, ತನ್ನ ಪಾಡಿಗೆ ತಾನು ಒಂದು ಕಡೆ ಬಿದ್ದಿರುತ್ತದೆ.

ನನಗೆ ಕೆಲಸ ಕಲಿಸಿದ ಸೀನಿಯರ್ ಇದನ್ನು ಒಂದೇ ಮಾತಿನಲ್ಲಿ ಮುಗಿಸಿದ್ದರು. "ಇವು ಕೈ ಹಿಡ್ಕೊಂಡಿವೆ, ಅವು ಕೈ ಬಿಟ್ಟಿವೆ. ಕೈ ಬಿಟ್ಟವೇ ಊರೂರು ಸುತ್ತೋದು." ಕೈ ಅಂದರೆ ಇ-ಕ್ಯಾಡ್ಹೆರಿನ್ ಅನ್ನುವ ಪ್ರೋಟೀನ್. ಕ್ಯಾನ್ಸರ್ ಕೋಶ ಅದನ್ನು ಕಳೆದುಕೊಂಡರೆ ಪಕ್ಕದ ಕೋಶದ ಹಿಡಿತ ತಪ್ಪಿ ಹೊರಡುತ್ತದೆ, ರಕ್ತಕ್ಕೆ ಸೇರಿ ಬೇರೆ ಅಂಗಕ್ಕೆ ಹೋಗಿ ನೆಲೆಸುತ್ತದೆ. ಎಷ್ಟು ಚೆನ್ನಾಗಿದೆ ಅಲ್ವಾ ಕಥೆ. ನಾನೂ ಅದನ್ನೇ ಹಿಡಿದುಕೊಂಡು ಎರಡು ವರ್ಷ ಸೆಮಿನಾರು ಕೊಟ್ಟೆ. ಅದು ಅರ್ಧ ನಿಜ ಅಂತ ಗೊತ್ತಾಗುವ ಹೊತ್ತಿಗೆ ಲ್ಯಾಬ್ ಬಿಡುವ ಕಾಲ ಬಂದಿತ್ತು.

ಮೊದಲು ಆ ಅಂಟಿನ ವಿಷಯ ಹೇಳಿಬಿಡ್ತೀನಿ. ಫ್ಲಾಸ್ಕ್ ತುಂಬಿದಾಗ ಕೋಶಗಳನ್ನು ಬಿಡಿಸಿ ಹೊಸ ಫ್ಲಾಸ್ಕ್‌ಗೆ ಹಾಕಬೇಕು. ಅದಕ್ಕೆ ಟ್ರಿಪ್ಸಿನ್ ಹಾಕುತ್ತಾರೆ, ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವ ಅದು. ನಾನು ಶುರುವಿನಲ್ಲಿ ಎಷ್ಟು ಹೊತ್ತು ಕಾದರೂ ಎಂಸಿಎಫ್-7 ಜಗ್ಗುತ್ತಿರಲಿಲ್ಲ. ಬಂದರೂ ಹಾಳೆ ಹಾಳೆಯಾಗಿ ಏಳುತ್ತಿತ್ತು, ಎಣಿಸೋಕೆ ಹೋದರೆ ಎಲ್ಲಾ ಮುದ್ದೆ. ಸೀನಿಯರ್ ಬಂದು ನೋಡಿ, "ಮೀಡಿಯಂ ತೆಗೆದ ಮೇಲೆ ತೊಳೆದ್ಯಾ?" ಅಂದರು. "ಒಂದ್ಸಲ ತೊಳೆದೆ ಮೇಡಂ" ಅಂದೆ. ತೊಳೆದಿರಲಿಲ್ಲ. ಮೀಡಿಯಂನಲ್ಲಿರುವ ಸೀರಮ್ ಟ್ರಿಪ್ಸಿನ್ನನ್ನು ತಡೆಯುತ್ತದೆ, ಅದು ಒಂದು ತೊಂದರೆ. ಇನ್ನೊಂದು ತೊಂದರೆ ಅದರಲ್ಲಿರುವ ಕ್ಯಾಲ್ಸಿಯಂ. ಅದಕ್ಕೇ ಟ್ರಿಪ್ಸಿನ್ ಜೊತೆ ಇಡಿಟಿಎ ಬೆರೆಸುವುದು. ಇಡಿಟಿಎ ಕ್ಯಾಲ್ಸಿಯಮ್ಮನ್ನು ಹುಡುಕಿ ಹಿಡಿದು ಕಟ್ಟಿಹಾಕುತ್ತದೆ.

ಈ ಕ್ಯಾಲ್ಸಿಯಂ ಹಿಂದೆ ಒಂದು ಒಳ್ಳೆಯ ಕಥೆ ಇದೆ. 1970ರ ದಶಕದಲ್ಲಿ ಮಸಾತೋಶಿ ತಾಕೆಇಚಿ ಎಂಬ ಜಪಾನಿ ವಿಜ್ಞಾನಿ ಕ್ಯೋಟೋದಿಂದ ಅಮೆರಿಕದ ಬಾಲ್ಟಿಮೋರಿನ ಕಾರ್ನೆಗೀ ಸಂಸ್ಥೆಗೆ ಹೋದರು. ಕ್ಯೋಟೋದಲ್ಲಿ ಅವರು ಟ್ರಿಪ್ಸಿನ್ ಹಾಕಿ ಬಿಡಿಸಿದ ಕೋಶಗಳು ಸ್ವಲ್ಪ ಹೊತ್ತಿನಲ್ಲಿ ಮತ್ತೆ ಗುಂಪು ಕಟ್ಟುತ್ತಿದ್ದವು. ಬಾಲ್ಟಿಮೋರಿನಲ್ಲಿ ಅದೇ ಕೆಲಸ ಮಾಡಿದರೆ ಗುಂಪೇ ಕಟ್ಟಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಹೊಸ ಜಾಗ, ಹೊಸ ನೀರು, ಏನೋ ಎಡವಟ್ಟು ಅಂತ ಬಿಟ್ಟುಬಿಡುತ್ತಿದ್ದರು. ಇವರು ಕೆದಕಿದರು. ಅಲ್ಲಿನ ಟ್ರಿಪ್ಸಿನ್ ದ್ರಾವಣದಲ್ಲಿ ಇಡಿಟಿಎ ಇತ್ತು, ಕ್ಯೋಟೋದ್ದರಲ್ಲಿ ಇರಲಿಲ್ಲ. ಅಂದರೆ ಕೋಶದ ಮೈಮೇಲೆ ಯಾವುದೋ ಅಂಟುವ ಪ್ರೋಟೀನ್ ಇದೆ, ಕ್ಯಾಲ್ಸಿಯಂ ಇರುವಷ್ಟು ಹೊತ್ತು ಟ್ರಿಪ್ಸಿನ್‌ಗೆ ಅದನ್ನು ಕತ್ತರಿಸೋಕೆ ಆಗಲ್ಲ, ಕ್ಯಾಲ್ಸಿಯಂ ತೆಗೆದರೆ ಅದು ಬೋಳಾಗಿ ನಿಲ್ಲುತ್ತದೆ. 1977ರಲ್ಲಿ ಈ ಕೆಲಸ ಪ್ರಕಟವಾಯಿತು. ಕ್ಯಾಡ್ಹೆರಿನ್ ಅನ್ನುವ ಹೆಸರು ಬಂದದ್ದು ಆಮೇಲೆ, 80ರ ದಶಕದಲ್ಲಿ.

ಇದು ಕೆಲಸ ಮಾಡುವ ರೀತಿ ಸರಳ. ಕೋಶದ ಪೊರೆಯಿಂದ ಹೊರಗೆ ಚಾಚಿರುವ ಭಾಗದಲ್ಲಿ ಐದು ತುಂಡುಗಳು, ಸರಪಳಿಯ ಕೊಂಡಿಗಳ ಹಾಗೆ. ಕೊಂಡಿ ಕೊಂಡಿಯ ನಡುವೆ ಕ್ಯಾಲ್ಸಿಯಂ ಕೂತರೆ ಇಡೀ ಸರಪಳಿ ಕೋಲಿನ ಹಾಗೆ ಸೆಟೆದು ನಿಲ್ಲುತ್ತದೆ, ಇಲ್ಲದಿದ್ದರೆ ಜೋತುಬೀಳುತ್ತದೆ. ಸೆಟೆದು ನಿಂತ ತುದಿ ಪಕ್ಕದ ಕೋಶದ ಅಂಥದ್ದೇ ತುದಿಯನ್ನು ಹಿಡಿಯುತ್ತದೆ. ಒಂದೊಂದು ಹಿಡಿತವೂ ತೀರಾ ದುರ್ಬಲ, ಆದರೆ ಒಂದೇ ಕಡೆ ಸಾವಿರಾರು ಸೇರುತ್ತವೆ. ಕೋಶದ ಒಳಗಿನ ಬಾಲ ಬೀಟಾ-ಕ್ಯಾಟೆನಿನ್, ಆಲ್ಫಾ-ಕ್ಯಾಟೆನಿನ್ ಅನ್ನುವ ಪ್ರೋಟೀನುಗಳ ಮೂಲಕ ಆಕ್ಟಿನ್ ಎಳೆಗಳಿಗೆ, ಅಂದರೆ ಕೋಶದ ಅಸ್ಥಿಪಂಜರಕ್ಕೆ ಕಟ್ಟಿಕೊಂಡಿರುತ್ತದೆ. ಇ-ಕ್ಯಾಡ್ಹೆರಿನ್‌ನ 'ಇ' ಅಂದರೆ ಎಪಿಥೀಲಿಯಂ, ಅಂಗಗಳಿಗೆ ಹೊದಿಕೆಯಾಗಿ ಒಳಗೂ ಹೊರಗೂ ಹಾಸಿರುವ ಕೋಶಗಳ ಪದರ. ಮನುಷ್ಯರಿಗೆ ಬರುವ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಹುಟ್ಟುವುದು ಇದೇ ಪದರದಲ್ಲಿ.

ಕ್ಯಾನ್ಸರ್ ಕೋಶಗಳ ಅಂಟು ಸಡಿಲ ಅನ್ನುವುದು ಕ್ಯಾಡ್ಹೆರಿನ್ ಸಿಗುವುದಕ್ಕಿಂತ ಮುಂಚೆಯೇ ಗೊತ್ತಿತ್ತು. 1944ರಲ್ಲಿ ಡೇಲ್ ಕೋಮನ್ ಎಂಬವರು ಎರಡು ಕೋಶಗಳನ್ನು ಹಿಡಿದು ಎಳೆದು, ಬೇರ್ಪಡಿಸೋಕೆ ಎಷ್ಟು ಬಲ ಬೇಕು ಅಂತ ಅಳೆದೇ ಬಿಟ್ಟರು! ಸಾಮಾನ್ಯ ಕೋಶಗಳಿಗಿಂತ ಕ್ಯಾನ್ಸರ್ ಕೋಶಗಳು ಸುಲಭವಾಗಿ ಬಿಟ್ಟುಕೊಂಡವು. ಆಮೇಲೆ 1991ರ ಹೊತ್ತಿಗೆ, ಇ-ಕ್ಯಾಡ್ಹೆರಿನ್ ಇಲ್ಲದೆ ಸಿಕ್ಕಲ್ಲಿ ನುಗ್ಗುತ್ತಿದ್ದ ಕ್ಯಾನ್ಸರ್ ಕೋಶಗಳಿಗೆ ಅದನ್ನು ವಾಪಸ್ ಕೊಟ್ಟರೆ ಅವು ನುಗ್ಗುವುದನ್ನು ನಿಲ್ಲಿಸುತ್ತವೆ ಅಂತ ತೋರಿಸಿದರು. 1998ರಲ್ಲಿ ಇಲಿಗಳಲ್ಲೂ ಆಯಿತು. ಮೇದೋಜೀರಕದಲ್ಲಿ ಗಡ್ಡೆ ಬೆಳೆಯುವ ಇಲಿ ತಳಿಯೊಂದರಲ್ಲಿ ಇ-ಕ್ಯಾಡ್ಹೆರಿನ್ ಕಳೆಯದ ಹಾಗೆ ಮಾಡಿದರೆ ಗಡ್ಡೆ ಸಾಧು ಹಂತದಲ್ಲೇ ನಿಂತಿತು, ಅದರ ಕೆಲಸ ಕೆಡಿಸಿದರೆ ಬೇಗ ನುಗ್ಗಿ ಹರಡಿತು. ನಮ್ಮ ಸೀನಿಯರ್ ಹೇಳಿದ ಕಥೆಗೆ ಇದಕ್ಕಿಂತ ಜಾಸ್ತಿ ಸಾಕ್ಷಿ ಏನು ಬೇಕು?

ಕಳೆದುಕೊಳ್ಳುವ ದಾರಿಗಳು ಹಲವು. ಇ-ಕ್ಯಾಡ್ಹೆರಿನ್‌ನ ಜೀನ್ ಹೆಸರು ಸಿಡಿಎಚ್1, 16ನೇ ವರ್ಣತಂತುವಿನ ಉದ್ದ ತೋಳಿನ ಮೇಲಿದೆ. ಅದೇ ಕೆಡಬಹುದು. ಜೀನ್ ಸರಿಯಾಗೇ ಇದ್ದು ಅದರ ಸ್ವಿಚ್ಚಿನ ಮೇಲೆ ಮೀಥೈಲ್ ಗುಂಪುಗಳು ಕೂತು ಮುಚ್ಚಿಹೋಗಬಹುದು (231ರಲ್ಲಿ ಆಗಿರುವುದು ಇದು). ಅಥವಾ ಸ್ನೇಲ್, ಟ್ವಿಸ್ಟ್ ಅನ್ನುವ ಪ್ರೋಟೀನುಗಳು ಬಂದು ಜೀನನ್ನು ಆರಿಸಬಹುದು. ಸ್ನೇಲ್ ಅಂದರೆ ಬಸವನಹುಳು. ಹೆಸರು ಬಂದದ್ದು ಹಣ್ಣಿನ ನೊಣಗಳ ಮೇಲೆ ಕೆಲಸ ಮಾಡುವವರಿಂದ, ಅವರು ಜೀನುಗಳಿಗೆ ಹೆಸರಿಡುವ ಚಂದವೇ ಬೇರೆ. ಈ ಪ್ರೋಟೀನುಗಳು ಕ್ಯಾನ್ಸರಿಗಾಗಿ ಹುಟ್ಟಿದವಲ್ಲ. ಭ್ರೂಣ ಬೆಳೆಯುವಾಗ ಕೆಲವು ಕೋಶಗಳು ತಮ್ಮ ಪದರವನ್ನು ಬಿಟ್ಟು ದೂರ ನಡೆದು ಹೋಗಬೇಕು, ಆಗ ಇವು ಎದ್ದು ಅಂಟು ಬಿಡಿಸುತ್ತವೆ. ಕೆಲಸ ಮುಗಿದ ಮೇಲೆ ಮಲಗುತ್ತವೆ. ಕ್ಯಾನ್ಸರ್ ಅವನ್ನು ಮತ್ತೆ ಎಬ್ಬಿಸುತ್ತದೆ, ಅಷ್ಟೇ.

ನನ್ನ ತಲೆಯಲ್ಲಿ ಬಹಳ ದಿನ ಕೂತಿದ್ದ ವಿಷಯ ಇನ್ನೊಂದು. ಗಂಟು.

ಮನೆಯವರು, ನೆಂಟರು, ಯಾರೇ ಆಗಲಿ, ಸ್ತನ ಕ್ಯಾನ್ಸರ್ ಅಂದ ಕೂಡಲೇ ಕೇಳುವುದು "ಗಂಟು ಇತ್ತಾ?" ಅಂತ. ಗಂಟು ಸಿಗಲಿಲ್ಲ ಅಂದರೆ ನೆಮ್ಮದಿ. ಆದರೆ ಗಂಟು ಯಾಕೆ ಆಗುತ್ತದೆ ಅಂತ ಸ್ವಲ್ಪ ಯೋಚಿಸಿ. ನಮ್ಮ ಭಾಷೆಯಲ್ಲಿ ಹಗ್ಗದ ಗಂಟಿಗೂ ಮೈಯೊಳಗಿನ ಗಂಟಿಗೂ ಒಂದೇ ಪದ, ಮತ್ತು ಇಲ್ಲಿ ಅದು ಬಹಳ ಸರಿಯಾಗಿದೆ. ಕೈಗೆ ಗಟ್ಟಿಯಾಗಿ ಏನೋ ತಗಲುವುದಕ್ಕೆ ಕೋಶಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು ಬೆಳೆದಿರುವುದೂ ಒಂದು ಕಾರಣ. ಹಿಡಿತವೇ ಇಲ್ಲದ ಕ್ಯಾನ್ಸರ್ ಗಂಟು ಕಟ್ಟುವುದಾದರೂ ಹೇಗೆ?

ಅಂಥದ್ದೊಂದು ಇದೆ. ಲೋಬ್ಯುಲರ್ ಕಾರ್ಸಿನೋಮ ಅಂತ. ನುಗ್ಗುವ ಸ್ತನ ಕ್ಯಾನ್ಸರುಗಳಲ್ಲಿ ಸುಮಾರು 10ರಿಂದ 15% ಇದು. ಇದರಲ್ಲಿ ಬಹುಪಾಲು ಗಡ್ಡೆಗಳು ಇ-ಕ್ಯಾಡ್ಹೆರಿನ್ ಕಳೆದುಕೊಂಡಿರುತ್ತವೆ. ಕೋಶಗಳು ಒಂದರ ಹಿಂದೆ ಒಂದು ಸಾಲಾಗಿ, ಇರುವೆ ಹೋದ ಹಾಗೆ, ಸ್ತನದ ಅಂಗಾಂಶದ ಎಳೆಗಳ ನಡುವೆ ನುಸುಳಿಕೊಂಡು ಹೋಗುತ್ತವೆ. ಯಾವುದನ್ನೂ ತಳ್ಳುವುದಿಲ್ಲ, ಒತ್ತುವುದಿಲ್ಲ. ಎಷ್ಟೋ ಸಲ ಕೈಗೆ ಗಂಟಿನ ಬದಲು ಬರೀ ದಪ್ಪಗಾದ ಹಾಗೆ ಅನಿಸುತ್ತದೆ. ಮ್ಯಾಮೋಗ್ರಾಮಿನಲ್ಲೂ ತಪ್ಪಿಸಿಕೊಳ್ಳುವುದು ಇದೇ ಜಾಸ್ತಿ. ಆಪರೇಷನ್ ಮಾಡಿದಾಗ ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಹಬ್ಬಿರುವುದು ಕಾಣುವುದೂ ಉಂಟು.

ನಾನು ಒಂದು ಸಲ ಪೆಥಾಲಜಿಯವರ ಪಕ್ಕ ಕೂತು ಇದರ ಸ್ಲೈಡ್ ನೋಡಿದ್ದೆ. ಇ-ಕ್ಯಾಡ್ಹೆರಿನ್‌ಗೆ ಬಣ್ಣ ಹಾಕಿದ ಸ್ಲೈಡ್. ಇರುವ ಕಡೆ ಪ್ರತಿ ಕೋಶದ ಸುತ್ತ ಕಂದು ಗೆರೆ, ಯಾರೋ ಪೆನ್ನಿನಿಂದ ಜೇನುಗೂಡು ಬರೆದ ಹಾಗೆ. ಮಧ್ಯೆ ಇದ್ದ ಒಂದು ಸಾಮಾನ್ಯ ಹಾಲಿನ ನಾಳಕ್ಕೆ ಆ ಗೆರೆ ಚೆನ್ನಾಗಿ ಬಂದಿತ್ತು. ಅದರ ಸುತ್ತ ತೆಳ್ಳಗಿನ ಸಾಲುಗಳಲ್ಲಿ ನಿಂತಿದ್ದ ಕ್ಯಾನ್ಸರ್ ಕೋಶಗಳಿಗೆ ಗೆರೆಯೇ ಇಲ್ಲ, ಬರೀ ನೀಲಿ ಕೇಂದ್ರಗಳು. "ಇಷ್ಟೇನಾ?" ಅಂತ ಕೇಳಿದೆ. "ಇಷ್ಟೇ, ಡಕ್ಟಲ್ಲೋ ಲೋಬ್ಯುಲರೋ ಅನುಮಾನ ಬಂದಾಗ ಇದನ್ನೇ ನೋಡೋದು" ಅಂದರು ಅವರು. ಡಕ್ಟಲ್ ಅಂದರೆ ಸ್ತನ ಕ್ಯಾನ್ಸರಿನ ಹೆಚ್ಚು ಸಾಮಾನ್ಯವಾದ ಜಾತಿ. ಟ್ರಿಪ್ಸಿನ್ ಬಾಟಲಿಯಿಂದ ಶುರುವಾದ ವಿಷಯ ಒಬ್ಬರ ರಿಪೋರ್ಟಿನ ಒಂದು ಸಾಲಾಗಿ ಬಂದು ನಿಂತಿತ್ತು.

ಹೊಟ್ಟೆಯಲ್ಲೂ ಇಂಥದ್ದೇ ಇದೆ, ಡಿಫ್ಯೂಸ್ ಗ್ಯಾಸ್ಟ್ರಿಕ್ ಕ್ಯಾನ್ಸರ್. ಗಡ್ಡೆ ಕಟ್ಟದೆ ಜಠರದ ಗೋಡೆಯೊಳಗೆ ಒಂಟಿ ಒಂಟಿ ಕೋಶಗಳಾಗಿ ಹರಡಿಕೊಳ್ಳುತ್ತದೆ. ನ್ಯೂಜಿಲೆಂಡಿನ ಒಂದು ಮಾವೋರಿ ಕುಟುಂಬದಲ್ಲಿ ತಲೆಮಾರುಗಳಿಂದ ಜನ ಇದರಿಂದ ಸಾಯುತ್ತಿದ್ದರು, ಹದಿಹರೆಯದವರೂ ಸೇರಿ. ಕೊನೆಗೆ ಅವರೇ ತಮ್ಮ ವಂಶಾವಳಿ ಸಮೇತ ವಿಜ್ಞಾನಿಗಳ ಜೊತೆ ಕೈಜೋಡಿಸಿದರು. ಒಟಾಗೋ ವಿಶ್ವವಿದ್ಯಾಲಯದ ಪ್ಯಾರಿ ಗಿಲ್ಫರ್ಡ್ ಮತ್ತು ಜೊತೆಗಾರರು 1998ರಲ್ಲಿ ಕಾರಣ ಪ್ರಕಟಿಸಿದರು: ಅಪ್ಪ ಅಥವಾ ಅಮ್ಮನಿಂದ ಬಂದ ಒಂದು ಕೆಟ್ಟ ಸಿಡಿಎಚ್1. ಹಾಗೆ ಹುಟ್ಟಿದವರ ಪ್ರತಿ ಕೋಶದಲ್ಲೂ ಒಂದೇ ಒಳ್ಳೆಯ ಪ್ರತಿ ಇರುತ್ತದೆ, ಜಠರದ ಯಾವುದೋ ಕೋಶದಲ್ಲಿ ಅದೂ ಹೋದರೆ ಅಲ್ಲಿಂದ ಶುರು. ಇದನ್ನು ಹೊತ್ತ ಹೆಂಗಸರಿಗೆ ಲೋಬ್ಯುಲರ್ ಸ್ತನ ಕ್ಯಾನ್ಸರಿನ ಅಪಾಯವೂ ಹೆಚ್ಚು. ಒಂದೇ ಅಂಟು, ಎರಡು ಅಂಗ.

ಈಗ ಅಂಥ ಕುಟುಂಬಗಳಲ್ಲಿ ಕೆಟ್ಟ ಪ್ರತಿ ಇರುವವರು ಎಷ್ಟೋ ಜನ ಆರೋಗ್ಯವಾಗಿರುವಾಗಲೇ ಇಡೀ ಜಠರ ತೆಗೆಸಿಕೊಳ್ಳುತ್ತಾರೆ. ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಂ ಅಂತು. ಎಂಡೋಸ್ಕೋಪಿಯಲ್ಲಿ ಏನೂ ಕಾಣದೆ ತೆಗೆದ ಜಠರವನ್ನು ತುಂಡು ತುಂಡಾಗಿ ಕತ್ತರಿಸಿ ನೋಡಿದರೆ, ಬಹಳ ಸಲ ಅಲ್ಲಲ್ಲಿ ಸಾಸಿವೆಗಿಂತ ಚಿಕ್ಕ ಕ್ಯಾನ್ಸರ್ ಚುಕ್ಕೆಗಳು ಸಿಗುತ್ತವೆ. ಆದರೆ ಇಲ್ಲೊಂದು ವಿಚಿತ್ರ ನೋಡಿ. ಅಂಟು ಪೂರ್ತಿ ಹೋದ ಈ ಚುಕ್ಕೆಗಳಲ್ಲಿ ಹೆಚ್ಚಿನವು ವರ್ಷಗಟ್ಟಲೆ ಸುಮ್ನೆ ಕೂತಿರುತ್ತವೆ. ಎಲ್ಲೂ ಹೋಗುವುದಿಲ್ಲ.

ಕೈ ಬಿಟ್ಟವೇ ಊರೂರು ಸುತ್ತುವುದಾದರೆ ಇವು ಯಾಕೆ ಕೂತಿವೆ? ನನ್ನ ಸೆಮಿನಾರಿನ ಕಥೆ ಬಿರುಕು ಬಿಡೋಕೆ ಶುರುವಾದದ್ದು ಇಲ್ಲಿ.

ಲೋಬ್ಯುಲರ್ ಕ್ಯಾನ್ಸರಿನ ವಿಷಯಕ್ಕೂ ಅದೇ ಪ್ರಶ್ನೆ. ಕಥೆ ಪೂರ್ತಿ ನಿಜವಾಗಿದ್ದರೆ ಅದು ಉಳಿದ ಸ್ತನ ಕ್ಯಾನ್ಸರುಗಳಿಗಿಂತ ಎಷ್ಟೋ ಬೇಗ ಹರಡಬೇಕಿತ್ತು. ಹಾಗಿಲ್ಲ. ಸಾಮಾನ್ಯವಾಗಿ ಅದು ನಿಧಾನವಾಗಿ ಬೆಳೆಯುವ ಜಾತಿ. ಹರಡುವ ಜಾಗಗಳು ಸ್ವಲ್ಪ ಬೇರೆ, ಹೊಟ್ಟೆಯ ಒಳಪೊರೆ, ಅಂಡಾಶಯ, ಕರುಳು ಹೀಗೆ, ಮತ್ತು ಬಹಳ ವರ್ಷ ಕಳೆದ ಮೇಲೆ ಮರಳುವುದೂ ಇದೆ. ಅತ್ತ ಇ-ಕ್ಯಾಡ್ಹೆರಿನ್ ಚೆನ್ನಾಗಿಯೇ ಇಟ್ಟುಕೊಂಡ ಡಕ್ಟಲ್ ಕ್ಯಾನ್ಸರುಗಳು ಧಾರಾಳವಾಗಿ ಹರಡುತ್ತವೆ. ಸ್ತನ ಕ್ಯಾನ್ಸರುಗಳಲ್ಲೇ ತುಂಬಾ ಉಗ್ರ ಅನ್ನಿಸಿಕೊಂಡ ಇನ್‌ಫ್ಲಮೇಟರಿ ಕ್ಯಾನ್ಸರಿನ ಕೋಶಗಳು ಇ-ಕ್ಯಾಡ್ಹೆರಿನ್ ತುಂಬಿಕೊಂಡು, ಗುಂಪು ಗುಂಪಾಗಿ ಚರ್ಮದ ದುಗ್ಧರಸ (ಲಿಂಫ್) ನಾಳಗಳನ್ನು ಮುಚ್ಚಿಬಿಡುತ್ತವೆ.

ಗುಂಪು ಗುಂಪಾಗಿ ಅನ್ನುವುದೇ ಮುಖ್ಯ. ರಕ್ತ ಒಂಟಿ ಕೋಶಕ್ಕೆ ಒಳ್ಳೆಯ ಜಾಗ ಅಲ್ಲ. ಹರಿಯುವ ರಭಸ ಇದೆ, ರೋಗನಿರೋಧಕ ಕೋಶಗಳು ಇವೆ. ಎಲ್ಲಕ್ಕಿಂತ ಮೊದಲು, ಎಪಿಥೀಲಿಯಂ ಕೋಶಕ್ಕೆ ಏನನ್ನೂ ಹಿಡಿಯದೆ ಬದುಕಿ ಅಭ್ಯಾಸವೇ ಇಲ್ಲ. ಕೆಳಗಿನ ಹಾಸು ತಪ್ಪಿತು ಅಂದರೆ ಅದು ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಇದಕ್ಕೆ ಅನೋಯ್ಕಿಸ್ ಅಂತ ಹೆಸರು, ಗ್ರೀಕಿನಲ್ಲಿ ಮನೆಯಿಲ್ಲದಿರುವುದು ಅಂತ ಅರ್ಥ. 1970ರಲ್ಲಿ ಐಸಾಯಾ ಫಿಡ್ಲರ್ ವಿಕಿರಣದ ಗುರುತು ಹಾಕಿದ ಮೆಲನೋಮ (ಚರ್ಮದ ಒಂದು ಬಗೆಯ ಕ್ಯಾನ್ಸರ್) ಕೋಶಗಳನ್ನು ಇಲಿಗಳ ರಕ್ತಕ್ಕೆ ಬಿಟ್ಟು ಎಣಿಸಿದರು. 24 ಗಂಟೆ ಕಳೆಯುವಷ್ಟರಲ್ಲಿ 0.1% ಕೂಡ ಜೀವಂತ ಇರಲಿಲ್ಲ. ಹೊರಡುವುದು ಸುಲಭ, ಬದುಕುವುದೇ ಕಷ್ಟ.

2014ರಲ್ಲಿ ನಿಕೋಲಾ ಅಸೆಟೊ ಮತ್ತು ಜೊತೆಗಾರರು ಅಮೆರಿಕದಲ್ಲಿ ಮಾಡಿದ ಕೆಲಸ ಇದಕ್ಕೆ ಇನ್ನೊಂದು ಮುಖ ತೋರಿಸಿತು. ಸ್ತನ ಕ್ಯಾನ್ಸರ್ ಇರುವ ಇಲಿಗಳ ರಕ್ತದಲ್ಲಿ ಒಂಟಿ ಕೋಶಗಳೂ ಇರುತ್ತವೆ, ಅಂಟಿಕೊಂಡ ಪುಟ್ಟ ಗುಂಪುಗಳೂ ಇರುತ್ತವೆ. ಗುಂಪುಗಳು ಬಹಳ ಕಡಿಮೆ, ಆದರೆ ಹೊಸ ಗಡ್ಡೆ ಹುಟ್ಟಿಸುವ ಶಕ್ತಿ ಅವುಗಳಿಗೆ ಒಂಟಿ ಕೋಶಕ್ಕಿಂತ 23ರಿಂದ 50 ಪಟ್ಟು ಹೆಚ್ಚು. ಅವನ್ನು ಹಿಡಿದಿಟ್ಟದ್ದು ಪ್ಲಾಕೋಗ್ಲೋಬಿನ್, ಬೀಟಾ-ಕ್ಯಾಟೆನಿನ್‌ನ ದಾಯಾದಿ, ಕೋಶಗಳ ಜೋಡಣೆಯಲ್ಲೇ ಇರುವ ಇನ್ನೊಂದು ಪ್ರೋಟೀನ್. ಅದನ್ನು ತಗ್ಗಿಸಿದರೆ ಗುಂಪು ಒಡೆಯಿತು, ಶ್ವಾಸಕೋಶದಲ್ಲಿ ಗಡ್ಡೆಗಳು ಕಡಿಮೆಯಾದವು. ಅಂದರೆ ಅಂಟು ಇಲ್ಲಿ ಕ್ಯಾನ್ಸರಿನ ಕಡೆಗೇ ದುಡಿಯುತ್ತಿದೆ!

ಇಷ್ಟಾದರೂ ನಾನು ಒಪ್ಪಿರಲಿಲ್ಲ. ಇದು ಪ್ಲಾಕೋಗ್ಲೋಬಿನ್ ಕಥೆ, ಇ-ಕ್ಯಾಡ್ಹೆರಿನ್ ಕಥೆ ಬೇರೆ ಅಂತ ವಾದ ಮಾಡಿದ್ದು ನೆನಪಿದೆ. 2019ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಆಂಡ್ರ್ಯೂ ಈವಾಲ್ಡ್ ತಂಡ ಆ ವಾದವನ್ನೂ ಮುಗಿಸಿತು. ಸ್ತನ ಕ್ಯಾನ್ಸರ್ ಬರುವ ಹಲವು ಬಗೆಯ ಇಲಿ ಮಾದರಿಗಳಲ್ಲಿ ಅವರು ಇ-ಕ್ಯಾಡ್ಹೆರಿನ್ ತೆಗೆದು ನೋಡಿದರು. ನಮ್ಮ ಸೀನಿಯರ್ ಹೇಳಿದ ಹಾಗೇ ಕೋಶಗಳು ಜಾಸ್ತಿ ನುಗ್ಗಿದವು, ಗಡ್ಡೆಯಿಂದ ಜಾಸ್ತಿ ಹೊರಬಿದ್ದವು. ಆದರೆ ದೂರದ ಅಂಗದಲ್ಲಿ ಹುಟ್ಟಿದ ಗಡ್ಡೆಗಳು? ಕಡಿಮೆ, ತುಂಬಾ ಕಡಿಮೆ. ಹೊರಟ ಕೋಶಗಳು ದಾರಿಯಲ್ಲೇ ಸಾಯುತ್ತಿದ್ದವು, ಉಳಿದವೂ ಬೆಳೆಯುತ್ತಿರಲಿಲ್ಲ. ಇ-ಕ್ಯಾಡ್ಹೆರಿನ್ ಹೋದ ಕೋಶದಲ್ಲಿ ಆಕ್ಸಿಡೇಟಿವ್ ಒತ್ತಡ, ಅಂದರೆ ಆಮ್ಲಜನಕದಿಂದ ಹುಟ್ಟುವ ಹಾನಿಕಾರಕ ಅಣುಗಳ ಕಾಟ, ಏರುತ್ತಿತ್ತು, ಅದನ್ನು ತಗ್ಗಿಸಿದರೆ ಕೋಶಗಳು ಮತ್ತೆ ಬದುಕಿಕೊಂಡವು. ಪಕ್ಕದವನ ಕೈ ಹಿಡಿಯುವ ಪ್ರೋಟೀನ್ ಕೋಶಕ್ಕೆ ಜೀವ ಉಳಿಸಿಕೊಳ್ಳುವ ಪ್ರೋಟೀನ್ ಕೂಡ ಆಗಿತ್ತು.

ಹಾಗಂತ ಹಳೆಯ ಕೆಲಸ ಎಲ್ಲ ಸುಳ್ಳು ಅಂತ ಹೇಳುವವರ ಜೊತೆಗೂ ನಾನಿಲ್ಲ. 1991ರದ್ದೂ ನಿಜ, 2019ರದ್ದೂ ನಿಜ. ಒಂದು ಹೊರಡುವ ಹೊತ್ತಿನದು, ಇನ್ನೊಂದು ಬದುಕಿ ನೆಲೆಸುವ ಹೊತ್ತಿನದು. ನಾವು ಮಾಡಿದ ತಪ್ಪು ನುಗ್ಗುವುದನ್ನು ಅಳೆದು ಹರಡುವುದನ್ನು ಅಳೆದೆವು ಅಂದುಕೊಂಡದ್ದು. ನುಗ್ಗುವುದನ್ನು ಒಂದು ಪ್ಲಾಸ್ಟಿಕ್ ತಟ್ಟೆಯಲ್ಲಿ ಎರಡು ದಿನದಲ್ಲಿ ಅಳೆಯಬಹುದು. ಹರಡುವುದಕ್ಕೆ ಇಲಿ ಬೇಕು, ತಿಂಗಳುಗಟ್ಟಲೆ ಬೇಕು. ಯಾವುದನ್ನು ಜಾಸ್ತಿ ಜನ ಅಳೆದರು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ? ನಾನೂ ಅವರಲ್ಲೊಬ್ಬ.

"ಹಾಗಾದರೆ ಅಂಟನ್ನು ವಾಪಸ್ ತರುವ ಮಾತ್ರೆ ಮಾಡಬಾರದಾ?" ಅಂತ ಗೆಳೆಯರು ಕೇಳುತ್ತಾರೆ. ಈ ಮೇಲಿನದ್ದು ಗೊತ್ತಾದ ಮೇಲೆ ನನಗೆ ಆ ಪ್ರಶ್ನೆ ಕೇಳಿದರೇ ಭಯ. ಕ್ಯಾನ್ಸರ್ ಪತ್ತೆಯಾಗುವ ಹೊತ್ತಿಗೆ ಕೆಲವು ಕೋಶ ಆಗಲೇ ಹೊರಟುಹೋಗಿರಬಹುದು. ಅವು ಎಲ್ಲೋ ಮೂಲೆಯಲ್ಲಿ ಒಂಟಿಯಾಗಿ, ಬೆಳೆಯಲಾಗದೆ ಕೂತಿದ್ದರೆ, ಅಂಥವುಗಳ ಕೈಗೆ ಅಂಟು ಕೊಡುವುದು ಉಪಕಾರವೋ ಅಪಕಾರವೋ?

ಮತ್ತೆ ನನ್ನ ಎರಡು ಫ್ಲಾಸ್ಕ್‌ಗಳಿಗೆ ಬರ್ತೀನಿ. ಲ್ಯಾಬ್ ಬಿಡುವ ವಾರ ಕೋಶಗಳನ್ನೆಲ್ಲ ದ್ರವ ಸಾರಜನಕದ ಡಬ್ಬಕ್ಕೆ ಹಾಕಿ, ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಪ್ರತಿ ಸಾಲಿನಲ್ಲೂ ಕೋಶ ಎಲ್ಲಿಂದ ಬಂದದ್ದು ಅಂತ ತುಂಬಬೇಕು. ಅಷ್ಟು ವರ್ಷ ಸಾಕಿದ್ದೆ, ಒಂದು ಸಲವೂ ಇದನ್ನು ನೋಡಿರಲಿಲ್ಲ. ಒಂಟಿಯಾಗಿ ಬೆಳೆಯುವ, ಕೈ ಬಿಟ್ಟ 231 ಒಬ್ಬ ರೋಗಿಯ ಶ್ವಾಸಕೋಶದ ಸುತ್ತ ತುಂಬಿದ್ದ ನೀರಿನಿಂದ ತೆಗೆದದ್ದು. ಅಂದರೆ ಸ್ತನದಿಂದ ಹೊರಟು ಅಲ್ಲಿಗೆ ಹರಡಿದ್ದು. ಸರಿ, ಅದು ಗೊತ್ತಿದ್ದದ್ದೇ. ಮುಂದಿನ ಸಾಲು ಎಂಸಿಎಫ್-7, ನನ್ನ ಒತ್ತೊತ್ತು ದ್ವೀಪಗಳು, ಟ್ರಿಪ್ಸಿನ್‌ಗೂ ಜಗ್ಗದೆ ಒಂದನ್ನೊಂದು ಹಿಡಿದುಕೊಂಡವು, ಸೆಮಿನಾರಿನಲ್ಲಿ "ಇವು ಎಲ್ಲೂ ಹೋಗಲ್ಲ" ಅಂತ ನಾನು ತೋರಿಸುತ್ತಿದ್ದ ಫೋಟೋ.

ಅದೂ ಶ್ವಾಸಕೋಶದ ಸುತ್ತಲಿನ ನೀರಿನಿಂದಲೇ ಬಂದದ್ದು.